ಹಸಿರು ರಟ್ಟಿನ ಎರಡನೆಯ ಸಂಪುಟ

ಫೆಬ್ರವರಿ 4

ತಮ್ಮನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಇದ್ದೇ ಇರುತ್ತೀಯ. ಫೋನು ಮಾಡಿದರೆ ಎರಡು ಮಾತಿಗೆಲ್ಲ ಇಬ್ಬರೂ ಕಿರುಚಲು ಶುರುಮಾಡುತ್ತೇವೆ, ಅದು ಪಕ್ಕದ ಕೋಣೆಯಲ್ಲಿರುವ ಅಮ್ಮನಿಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ಅಮ್ಮನಿಗೆ ಈಗ ಓದಲು ಆಗುವುದಿಲ್ಲ. ಏನನ್ನು ನೋಡಿದರೂ ನಡುವೆ ಮಸಿ ಮೆತ್ತಿದ ಹಾಗೆ ಕಾಣುತ್ತದಂತೆ, ಅಂಚು ಮಾತ್ರ ಸ್ಪಷ್ಟ. ಕನ್ನಡಕದಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದಾರೆ. ಊರಿಗೆಲ್ಲ ಕನ್ನಡಕ ಹಾಕುವ ಮಗ ಒಮ್ಮೆ ಬಂದು ನೋಡುತ್ತಾನೇನೋ ಎಂದು ಅವಳು ಕಾದಳು. ನಾನು ಕಾಯಲಿಲ್ಲ.

ಔಷಧಿ ಅಂಗಡಿಯ ಬಾಗಿಲು ಹಾಕಿ ಬಂದ ಮೇಲೆ ದಿನಾ ಸಂಜೆ ಅವಳಿಗೆ ಓದಿ ಹೇಳುತ್ತೇನೆ. ಅಪ್ಪನ ಕಪಾಟಿನಲ್ಲಿ ನನ್ನ ಪಾಲಿಗೆ ಬಂದದ್ದನ್ನು ಎಡತುದಿಯಿಂದ ಹಿಡಿದಿದ್ದೇನೆ. ಮೊದಲು ಒಂದು ಪ್ರವಾಸದ ಪುಸ್ತಕ. ಆ ಮನುಷ್ಯ ಬೆಟ್ಟಕ್ಕಿಂತ ಹೆಚ್ಚಾಗಿ ತನ್ನ ಬೂಟಿನ ಬಗ್ಗೆ ಗೊಣಗುತ್ತಾನೆ. ಎಲ್ಲಾದರೂ ಜಾರಿ ಬೀಳಲಿ ಎಂದು ನಾವಿಬ್ಬರೂ ಕೊನೆಯವರೆಗೆ ಕಾದೆವು, ಬೀಳಲಿಲ್ಲ. ಆಮೇಲೆ ಒಂದು ಪತ್ತೇದಾರಿ. ಕೊಲೆಗಾರ ಯಾರೆಂದು ಅಮ್ಮ ಮೊದಲ ಅಧ್ಯಾಯದಲ್ಲೇ ಹೇಳಿಬಿಟ್ಟಳು: "ಅಷ್ಟೊಂದು ವಿನಯ ಇರೋನು ಒಳ್ಳೆಯವನಾಗಿರೋಕೆ ಸಾಧ್ಯವೇ ಇಲ್ಲ ಕಣೆ." ಕವಿತೆಗಳನ್ನು ಓದಿದಾಗ, "ಪಾಪ, ಇವನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕೋರು ಇರಲಿಲ್ಲ ಅನ್ಸುತ್ತೆ" ಎಂದಳು. ನನಗೂ ಹಾಗೇ ಅನ್ನಿಸಿತು.

ಈಗ ಹಸಿರು ರಟ್ಟಿನ ಕಾದಂಬರಿಯ ಮೊದಲ ಸಂಪುಟ ಮುಗಿಯಿತು. ಹಳೆಯ ಕಾಲದ ಪುಸ್ತಕ, ಅಂಚು ಕತ್ತರಿಸದೆ ಪುಟಗಳು ಒಂದಕ್ಕೊಂದು ಕೂಡಿಕೊಂಡೇ ಅಚ್ಚಾಗಿ ಬರುತ್ತಿದ್ದ ಕಾಲದ್ದು, ಅಪ್ಪ ಗಡಿಯಾರ ರಿಪೇರಿಯ ಚಾಕುವಿನಿಂದ ಮಡಿಕೆಗಳನ್ನು ಸೀಳಿ ಓದಿದ್ದು. ಇವತ್ತಿಗೂ ತೆರೆದರೆ ಮಡಿಲ ತುಂಬ ಕಾಗದದ ಚೂರು ಉದುರುತ್ತದೆ. ವಸತಿಗೃಹ ನಡೆಸುವ ವಿಧವೆ, ಅವಳ ದೊಡ್ಡ ಮಗಳು, ಮನೆ ಬಿಟ್ಟು ಓಡಿಹೋದ ಕಿರಿಮಗ. ಕೊನೆಯ ಪುಟದಲ್ಲಿ ದೊಡ್ಡ ಮಗಳು ಟಿಕೆಟ್ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಳೆ, ರೈಲು ಅಲುಗಾಡುತ್ತದೆ, ಅಷ್ಟೇ. ಹತ್ತಿದಳೋ ಇಲ್ಲವೋ ಗೊತ್ತಾಗುವುದು ಎರಡನೆಯ ಸಂಪುಟದಲ್ಲಿ. ಅದು ನಿನ್ನ ದಾರದ ಕೃಪೆಯಿಂದ ನಿನ್ನ ಮನೆಯಲ್ಲಿದೆ. ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ಬೇರೇನೂ ಬರೆಯಬೇಕಾಗಿಲ್ಲ.

ಅಕ್ಕ

ಫೆಬ್ರವರಿ 15

ಅಕ್ಕ,

ನನ್ನ ದಾರವೇ? ಅಪ್ಪ ತೀರಿಕೊಂಡ ಮೇಲೆ ಪುಸ್ತಕ ಹಂಚುವ ದಿನ ಅಳತೆಪಟ್ಟಿ ಹಿಡಿದು ಕಪಾಟಿನ ನಡುಮಧ್ಯ ಗುರುತು ಮಾಡಿದವಳು ನೀನು. ಅಲ್ಲಿ ಮೇಲಿನಿಂದ ಕೆಳಕ್ಕೆ ಎಳೆದ ದಾರದ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡಿದ್ದೆ, ಅಷ್ಟೇ. ಎಡಕ್ಕಿದ್ದದ್ದು ನಿನಗೆ, ಬಲಕ್ಕಿದ್ದದ್ದು ನನಗೆ. "ಎರಡು ಸಂಪುಟ ಒಟ್ಟಿಗಿರಲಿ ಅಕ್ಕ" ಎಂದು ನಾನು ಹೇಳಿದಾಗ, "ನ್ಯಾಯ ಅಂದ್ರೆ ನ್ಯಾಯ" ಎಂದು ಮೂಗು ಮೇಲೆತ್ತಿದ್ದು ನೆನಪಿದೆಯಾ?

ನನ್ನ ಪಾಲಿನ ಓದೂ ಕೇಳು. ನನ್ನ ನಿಘಂಟು 'ಪ' ಅಕ್ಷರದಿಂದ ಶುರುವಾಗುತ್ತದೆ. ಪ್ರೀತಿ, ಮಮತೆ, ಸಹನೆ ನನಗೆ. ಅಹಂಕಾರ, ಕೋಪ, ಜಗಳ ನಿನಗೆ. ದಾರ ಸರಿಯಾಗಿಯೇ ಹಂಚಿದೆ. ಜೇನು ಸಾಕಣೆಯ ಪುಸ್ತಕವೊಂದು ಬಹಳ ಹಿಡಿಸಿತು. ಗೂಡಿನಲ್ಲಿ ರಾಣಿ ಒಂದೇ ಇರಬೇಕಂತೆ, ಇನ್ನೊಂದು ಹುಟ್ಟಿದರೆ ಮೊದಲನೆಯದು ಹೋಗಿ ಕುಟುಕಿ ಸಾಯಿಸುತ್ತದಂತೆ. ಓದುತ್ತಾ ಓದುತ್ತಾ ನಿನ್ನ ಧ್ವನಿಯೇ ಕೇಳಿಸಿತು.

ಪುಸ್ತಕ ಕಳಿಸುವುದಿಲ್ಲ. ನಿನ್ನ ಕೈ ಸೇರಿದ ವಸ್ತು ಹಿಂದಿರುಗಿದ್ದು ನಾನು ಕಂಡಿಲ್ಲ. ಅಪ್ಪನ ಭೂತಗನ್ನಡಿ "ಎರಡು ದಿನಕ್ಕೆ" ಎಂದು ತೆಗೆದುಕೊಂಡು ಹೋದದ್ದು ಎಲ್ಲಿದೆ? ಅಮ್ಮನಿಗೆ ಕಥೆ ಬೇಕಿದ್ದರೆ ಅಮ್ಮನನ್ನು ಕಳಿಸು. ಕೆಳಗಿನ ಕೋಣೆ ಖಾಲಿ ಇದೆ, ಬಿಸಿಲು ಬರುತ್ತದೆ, ಮೆಟ್ಟಿಲಿಲ್ಲ. ನಿನ್ನ ಮನೆ ಮೂರನೆಯ ಮಹಡಿ.

ಅಂದ ಹಾಗೆ ನಾನು ಎರಡನೆಯ ಸಂಪುಟ ಓದಿ ಮುಗಿಸಿದ್ದೇನೆ. ಅದ್ಭುತವಾಗಿದೆ. ಆ ದೊಡ್ಡ ಮಗಳಷ್ಟು ಗಂಟುಮುಖದ ಹೆಂಗಸನ್ನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಸಾಕಿದ್ದೇ ನೆಪ, ಎಲ್ಲರೂ ತನ್ನ ಸೊತ್ತು ಎಂದುಕೊಂಡಿದ್ದಾಳೆ.

ತಮ್ಮ

ಫೆಬ್ರವರಿ 24

ತಮ್ಮ,

ನಿನ್ನ ನಿಘಂಟನ್ನು ಸ್ವಲ್ಪ ಮುಂದಕ್ಕೆ ತಿರುವು. ಮೋಸ, ವಂಚನೆ, ಸುಳ್ಳು, ಸ್ವಾರ್ಥ, ಇವೂ ನಿನ್ನ ಪಾಲಿಗೇ ಬಂದಿವೆ.

ಮೊದಲ ಸಂಪುಟ ಓದದವನು ದೊಡ್ಡ ಮಗಳ ಬಗ್ಗೆ ಬಾಯಿ ಬಿಡಬಾರದು. ಕಿರಿಯವನಿಗೆ ಶಾಲೆಗೆ ಹಾಕಿಕೊಳ್ಳಲು ಪ್ಯಾಂಟಿಲ್ಲ ಎಂದು ತನ್ನ ಒಂದೇ ಒಂದು ಚಳಿಗಾಲದ ಕೋಟನ್ನು ಕತ್ತರಿಸಿ ಹೊಲಿದುಕೊಟ್ಟವಳು ಅವಳು. ಅವನು ಅದನ್ನು ಹಾಕಿಕೊಂಡು ಓಡಿಹೋಗುತ್ತಾನೆ. ಹೋಗುವಾಗ ಹೇಳಿಯೂ ಹೋಗುವುದಿಲ್ಲ. ಆ ಅಧ್ಯಾಯದ ನಡುವೆ ಪುಸ್ತಕ ಮುಚ್ಚಿಬಿಟ್ಟೆ. ಅಮ್ಮ ಕೇಳಿದಳು, "ಯಾಕೆ ನಿಲ್ಲಿಸ್ದೆ?" ಕಾಗದದ ಚೂರು ಗಂಟಲಿಗೆ ಹೋಯಿತು ಎಂದೆ.

ಅಮ್ಮ ಬರುವುದಿಲ್ಲ. ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ. ನಿನ್ನ ಬಿಸಿಲಿನ ಕೋಣೆಯ ಆಸೆ ತೋರಿಸಿ ನಿನ್ನ ಬೇಳೆ ಬೇಯಿಸಿಕೊಳ್ಳಬೇಡ. ಅವಳು ಬಿದ್ದು ಸೊಂಟ ಮುರಿದುಕೊಂಡಾಗ, ಹಾಸಿಗೆಯಲ್ಲೇ ಎಲ್ಲ ಆಗುತ್ತಿದ್ದಾಗ, ಆ ಕೋಣೆಗೆ ಬಿಸಿಲು ಬರುತ್ತಿರಲಿಲ್ಲವೇ?

ಪುಸ್ತಕ ಬಿಟ್ಟುಕೊಡಲು ಆಗದಿದ್ದರೆ ಕಥೆಯನ್ನಾದರೂ ಬರೆದು ಕಳಿಸು. ನಾನು ಅವಳಿಗೆ ಓದುತ್ತೇನೆ. ಕಥೆ ಮಾತ್ರ. ನಿನ್ನ ಅಭಿಪ್ರಾಯ ನಿನ್ನ ಹತ್ತಿರವೇ ಇರಲಿ.

ಅಕ್ಕ

ಮಾರ್ಚ್ 9

ಅಕ್ಕ,

ಇಗೋ ಕಥೆ.

ದೊಡ್ಡ ಮಗಳು ರೈಲು ಹತ್ತುತ್ತಾಳೆ. ದೊಡ್ಡ ಊರಿಗೆ ಹೋಗಿ ಕೆಲಸ ಹಿಡಿಯುತ್ತಾಳೆ. ವಸತಿಗೃಹ ಮಾರಿಸಿ ತಾಯಿಯನ್ನು ತನ್ನ ಬಳಿಗೆ ಕರೆಸಿಕೊಳ್ಳುತ್ತಾಳೆ. ಎತ್ತರದ ಕಟ್ಟಡದಲ್ಲಿ ಒಂದು ಮನೆ. ಬಂದವರಿಗೆಲ್ಲ ಹೇಳುವುದು ಒಂದೇ ಮಾತು, "ನಾನಿಲ್ದಿದ್ರೆ ಅಮ್ಮನ ಗತಿ ಏನಾಗ್ತಿತ್ತೋ!" ತಾಯಿಗೆ ಕಿಟಕಿಯ ಹತ್ತಿರ ಒಂದು ಕುರ್ಚಿ. ಕಿರಿಮಗ ನೋಡಲು ಬಂದರೆ ತಾಯಿ ಮಲಗಿದ್ದಾಳೆ, ಮಾತಾಡಿಸಿದರೆ ಆಯಾಸ, ಡಾಕ್ಟರು ಬೇಡ ಎಂದಿದ್ದಾರೆ. ಒಂದು ಸಲ ಅವನು ಹೊಸ ವರ್ಷಕ್ಕೆಂದು ಬಟ್ಟೆ ತರುತ್ತಾನೆ, ಬಾಗಿಲಲ್ಲೇ ತೆಗೆದುಕೊಂಡು, "ಇಟ್ಟು ಹೋಗು" ಎನ್ನುತ್ತಾಳೆ. ಆಮೇಲೆ ಅವನು ಬರುವುದನ್ನು ಬಿಡುತ್ತಾನೆ. ಆಗ ಅವಳು ಎಲ್ಲರಿಗೂ ಹೇಳುತ್ತಾಳೆ, ನೋಡಿ, ಅವನು ಬರುವುದೇ ಇಲ್ಲ.

ನಾನು ಇದನ್ನೆಲ್ಲ ಸೇರಿಸಿದ್ದಲ್ಲ. ಲೇಖಕರೇ ಹೀಗೆ ಬರೆದಿದ್ದಾರೆ, ನಾನೇನು ಮಾಡಲಿ? ಹೊಟ್ಟೆ ಉರಿದರೆ ತಣ್ಣೀರು ಕುಡಿ. ಮುಂದಿನ ಭಾಗ ಆಮೇಲೆ ಬರೆಯುತ್ತೇನೆ. ಅದರಲ್ಲಿ ಅವಳಿಗೆ ತಕ್ಕ ಶಾಸ್ತಿಯಾಗುತ್ತದೆ.

ತಮ್ಮ

ಮಾರ್ಚ್ 17

ತಮ್ಮ,

ನೀನು ಉಗುಳಿದ್ದನ್ನೆಲ್ಲ ಬಿಟ್ಟು, ಉಳಿದ ನಾಲ್ಕು ಸಾಲನ್ನು ಅಮ್ಮನಿಗೆ ಓದಿದೆ. ಅವಳು ಗೊಳ್ಳೆಂದು ನಕ್ಕಳು.

"ರೈಲು ಹತ್ತೋದಾ? ಅವಳು ಹತ್ತೋದೇ ಇಲ್ಲ ಕಣೆ. ಟಿಕೆಟ್ ಹರಿದು ಹಾಕಿ ವಾಪಸ್ ನಡ್ಕೊಂಡು ಬರ್ತಾಳೆ. ಬಂದು ನೋಡಿದ್ರೆ ತಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಿರ್ತಾನೆ. ನಿಮ್ಮಪ್ಪ ಓದಿ ಹೇಳಿಲ್ವಾ ನಂಗೆ? ನಾನು ಬಟ್ಟೆ ಹೊಲೀತಾ ಕೂತಿರ್ತಿದ್ದೆ, ಅವರು ಅಂಗಡಿಯಿಂದ ಬಂದು ಪುಸ್ತಕ ತೊಡೆ ಮೇಲೆ ಇಟ್ಕೊಂಡು ಓದೋರು. ಎರಡೂ ಸಂಪುಟ ಓದಿದಾರೆ."

ನೀನು ಓದಿಯೇ ಇಲ್ಲ! ಒಂದು ಪುಟವೂ ಓದದೆ, ಓದಿದ್ದೇನೆ ಎಂದು ನನ್ನ ಕಿವಿಯ ಮೇಲೆ ಹೂವಿಟ್ಟು, ನನ್ನ ಮನೆಯನ್ನೂ ನನ್ನನ್ನೂ ಎತ್ತಿ ಕಥೆಯೊಳಗೆ ಇಟ್ಟು ಬೈದಿದ್ದೀಯ. ಬೈಯುವುದಿದ್ದರೆ ನೇರ ಬೈಯಬೇಕಿತ್ತು. ಯಾವುದೋ ಸತ್ತ ಲೇಖಕನ ಬೆನ್ನ ಹಿಂದೆ ನಿಂತು ಕಲ್ಲು ಹೊಡೆಯುವುದು ನಿನಗೇ ಒಪ್ಪಬೇಕು. ಆ ಹೊಸ ವರ್ಷದ ಬಟ್ಟೆಯ ದಿನ ಅಮ್ಮನಿಗೆ ನೂರಮೂರು ಜ್ವರವಿತ್ತು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಕಥೆ ಪೂರ್ತಿ ಗೊತ್ತಿದ್ದ ಮೇಲೆ ಪುಸ್ತಕ ಯಾಕೆ ಬೇಕು ಎಂದು ಅಮ್ಮನನ್ನು ಕೇಳಿದೆ. "ಗೊತ್ತಿರೋದನ್ನೇ ಇನ್ನೊಂದ್ಸಲ ಕೇಳ್ಬೇಕು ಅನ್ಸುತ್ತೆ. ಅವನು ಕಳಿಸಲ್ಲ ಅಂದ್ರೆ ನಾನೇ ಹೋಗಿ ಕೇಳಿಸ್ಕೊಂಡು ಬರ್ತೀನಿ" ಎಂದಳು. ಬೀರುವಿನ ಮೇಲಿದ್ದ ಚೀಲವನ್ನು ಕೆಳಗಿಳಿಸಲು ನನ್ನನ್ನೇ ಕೇಳಿದಳು.

ನಿನಗೆ ಇದೇ ತಾನೇ ಬೇಕಿದ್ದದ್ದು? ನಾನು ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ರಾತ್ರಿ ಎರಡು ಸಲ ಎದ್ದು ಕೈ ಹಿಡಿದು ನಡೆಸಿದ ಅಮ್ಮನನ್ನು ಒಂದು ಹಳೆಯ ಪುಸ್ತಕ ತೋರಿಸಿ ಕರೆಯುತ್ತಿದ್ದೀಯ. ಹೋದರೆ ಅವಳು ಮತ್ತೆ ಬರುವುದಿಲ್ಲ. ಕೆಳಗಿನ ಕೋಣೆ, ಮೊಮ್ಮಕ್ಕಳ ಗಲಾಟೆ, ಮೆಟ್ಟಿಲಿಲ್ಲದ ಮನೆ. ಅವಳ ಜಾಗದಲ್ಲಿದ್ದರೆ ನಾನಾದರೂ ವಾಪಸ್ ಯಾಕೆ ಬರಬೇಕು ಎಂದುಕೊಳ್ಳುತ್ತಿದ್ದೆ. ಅದಕ್ಕೇ ಹೇಳುತ್ತಿದ್ದೇನೆ, ತಿಂಗಳ ಕೊನೆಯೊಳಗೆ ಪುಸ್ತಕ ಬರದಿದ್ದರೆ ಅದನ್ನು ಗೆದ್ದಲು ತಿಂದಿತು ಎಂದು ಅವಳಿಗೆ ಹೇಳಿಬಿಡುತ್ತೇನೆ. ಸುಳ್ಳು ಹೇಳುವುದು ನಿನಗೊಬ್ಬನಿಗೇ ಬರುತ್ತದೆ ಎಂದುಕೊಳ್ಳಬೇಡ. ಡಾಕ್ಟರು ಪ್ರಯಾಣದ ಬಗ್ಗೆ ಏನೂ ಹೇಳಿರಲಿಲ್ಲ.

ಅಕ್ಕ

ಏಪ್ರಿಲ್ 12

ಅಕ್ಕ,

ಅಮ್ಮ ನಿನ್ನೆ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದಳು. "ಮರಿ, ಪುಸ್ತಕ ಗೆದ್ದಲು ತಿಂದ್ಬಿಡ್ತಂತೆ, ಹೌದೇನೋ?" ಎಂದಳು. ಇಲ್ಲ ಎಂದೆ. "ನಿಮ್ಮಕ್ಕನ್ನ ಏನೂ ಅನ್ಬೇಡ" ಎಂದಳು. ಅದಕ್ಕೇ ಅನ್ನುತ್ತಿಲ್ಲ. ಅನ್ನುವುದು ಬಹಳ ಇತ್ತು.

ಅಮ್ಮನನ್ನು ಕರೆದೊಯ್ಯಲು ಭಾನುವಾರ ಬೆಳಿಗ್ಗೆ ಕಾರು ತೆಗೆದುಕೊಂಡು ಬರುತ್ತೇನೆ. ಮೇಲೆ ಬರುವುದಿಲ್ಲ. ಬೀದಿಯಲ್ಲಿ ನಿಂತಿರುತ್ತೇನೆ.

ತಮ್ಮ

ಏಪ್ರಿಲ್ 23

ತಮ್ಮ,

ಇದು ಪತ್ರವಲ್ಲ, ಸೂಚನೆ. ಬೆಳಗಿನ ಕಣ್ಣಿನ ಹನಿ ತಿಂಡಿಗೆ ಮುಂಚೆ, ಸಂಜೆಯದು ಓದುವುದಕ್ಕೆ ಮುಂಚೆ. ಆ ಪುಟ್ಟ ಬಾಟಲಿಯನ್ನು ಅವಳು ಇಲ್ಲೇ ಮರೆತು ಹೋಗಿದ್ದಾಳೆ, ಇದರ ಜೊತೆ ಕಳಿಸುತ್ತಿದ್ದೇನೆ. ಬಿಸಿನೀರು ಸಾಕು ಎಂದರೆ ನಂಬಬೇಡ, ಕೈ ಇಟ್ಟು ನೋಡು. ತಟ್ಟೆಯ ನಡುವೆ ಹಾಕಿದ್ದು ಅವಳಿಗೆ ಕಾಣುವುದಿಲ್ಲ, ಅಂಚಿಗೆ ಹಾಕು. ಕಾಣದೆ ಬಿಟ್ಟದ್ದನ್ನು ಬೇಡವೆಂದು ಬಿಟ್ಟಳೆಂದು ನಿನ್ನ ಹೆಂಡತಿ ಎತ್ತಿಕೊಂಡು ಹೋಗಬಾರದು.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಕಾರಿಗೆ ಹತ್ತಿಸುವಾಗ ಅವಳ ತಲೆ ತಾಗದಂತೆ ಕೈ ಅಡ್ಡ ಇಟ್ಟೆ. ಅಷ್ಟಾದರೂ ಗೊತ್ತಿದೆಯಲ್ಲ. ನೀನು ಒಮ್ಮೆ ಮೇಲೆ ನೋಡಿದೆ, ನಾನು ಪರದೆ ಎಳೆದೆ. ಅಮ್ಮ ತಿರುಗಿ ನೋಡಲಿಲ್ಲ. ಅವಳಿಗೆಲ್ಲಿ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಅಂಚು ಕಾಣುತ್ತದೆ ಎಂದು ನನಗೆ ಗೊತ್ತಿದೆ.

ಸಂಜೆ ಅಂಗಡಿಯಿಂದ ಬಂದು ಕಪಾಟಿನ ಮುಂದೆ ನಿಂತರೆ ಯಾವ ಪುಸ್ತಕವನ್ನೂ ಮುಟ್ಟಬೇಕು ಅನ್ನಿಸುವುದಿಲ್ಲ. ಯಾರಿಗೆ ಓದಲಿ? ನೀನು ಗೆದ್ದೆ. ಕುಣಿದಾಡು.

ಅಕ್ಕ

ಮೇ 6

ಅಕ್ಕ,

ಕುಣಿದಾಡುವ ಹಾಗೇನೂ ಆಗಿಲ್ಲ. ನೀನೇ ಕೇಳು.

ಬಂದ ಮರುದಿನ ಸಂಜೆ ಅಮ್ಮ ಕುರ್ಚಿಯಲ್ಲಿ ಕೂತಳು. ನಾನು ಎರಡನೆಯ ಸಂಪುಟವನ್ನು ಕೈಗೆತ್ತಿಕೊಂಡೆ. ಇಷ್ಟು ವರ್ಷದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು. ನೀನು ಹೇಳಿದ್ದು ಸರಿ, ನಾನು ಓದಿರಲಿಲ್ಲ. ಇದಕ್ಕೆ ಕ್ಷಮೆ ಗಿಮೆ ಎಂದು ನಿರೀಕ್ಷಿಸಬೇಡ.

ತೆರೆದು ನೋಡಿದರೆ ಪುಟಗಳು ಬಿಡಿಸಿಕೊಳ್ಳಲೇ ಇಲ್ಲ. ಮುದ್ರಣವಾಗಿ ಬಂದಾಗ ಹೇಗಿತ್ತೋ ಹಾಗೇ ಮಡಿಕೆ ಮಡಿಕೆಯಾಗಿ ಕೂತಿದೆ. ಮೊದಲ ಸಂಪುಟವನ್ನು ಸೀಳಿದ ಅಪ್ಪ ಇದಕ್ಕೆ ಚಾಕು ತಾಗಿಸಿಯೇ ಇಲ್ಲ. ಅಮ್ಮ ಬಟ್ಟೆ ಹೊಲಿಯುತ್ತಾ ಕೇಳಿಸಿಕೊಂಡಳಲ್ಲ, ಅಪ್ಪ ತೊಡೆಯ ಮೇಲಿಟ್ಟುಕೊಂಡು ಓದಿದರಲ್ಲ, ಅದೆಲ್ಲ ಅವರು ಬಾಯಿಗೆ ಬಂದ ಹಾಗೆ ಕಟ್ಟಿ ಹೇಳಿದ್ದು! ನಮ್ಮಿಬ್ಬರನ್ನೂ ಮೀರಿಸಿದ ಸುಳ್ಳ ನಮ್ಮಪ್ಪ.

ಕನ್ನಡಕದ ಚೌಕಟ್ಟು ಉಜ್ಜುವ ಬ್ಲೇಡು ತಂದು ಮಡಿಕೆ ಸೀಳತೊಡಗಿದೆ. "ಏನೋ ಅದು ಸದ್ದು?" ಎಂದಳು. ತೇವಕ್ಕೆ ಪುಟ ಅಂಟಿಕೊಂಡಿದೆ ಎಂದೆ. "ಹೂಂ" ಎಂದಳು. ಆ 'ಹೂಂ' ಏನೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಅವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತೇನೋ.

ಓದಲು ಶುರುಮಾಡಿದೆ. ವಸತಿಗೃಹ, ಮಂಜು, ಯಾರೋ ಹೊಸ ಬಾಡಿಗೆಯವನು. ಐದನೆಯ ಪುಟಕ್ಕೆ ಬಂದೆ. ಅಲ್ಲಿ ಒಂದು ಸಾಲಿದೆ, ಇದ್ದ ಹಾಗೇ ಬರೆಯುತ್ತೇನೆ: "ದೊಡ್ಡ ಮಗಳು ಆ ಚಳಿಗಾಲದಲ್ಲೇ ತೀರಿಕೊಂಡಿದ್ದಳು, ಅವಳ ಕೋಣೆಯನ್ನು ಈಗ ಬಾಡಿಗೆಗೆ ಕೊಟ್ಟಿದ್ದರು." ಅಷ್ಟೇ. ಹತ್ತಿದಳೋ ಇಲ್ಲವೋ, ಹೇಗೆ ಸತ್ತಳು, ತಮ್ಮ ಬಂದನೋ, ಒಂದೂ ಇಲ್ಲ. ಆಮೇಲೆ ಪೂರ್ತಿ ತಿರುವಿ ನೋಡಿದೆ. ಅವಳ ಹೆಸರೇ ಮತ್ತೆ ಬರುವುದಿಲ್ಲ. ಇಷ್ಟು ಕೆಟ್ಟ ಪುಸ್ತಕವನ್ನು ನಾನು ಓದಿಲ್ಲ. ಕೋಟು ಕತ್ತರಿಸಿ ಹೊಲಿದವಳಿಗೆ ಒಂದೇ ಸಾಲು ಕೊಟ್ಟಿದ್ದಾನೆ, ಪಾಪಿ.

ಇನ್ನೊಂದು ವಿಷಯ. ಆ ಐದನೆಯ ಪುಟ ಮಡಿಕೆಯ ಹೊರಬದಿಗೆ ಬಿದ್ದಿದೆ, ಸೀಳದೆಯೂ ಓದಬಹುದು. ಅಪ್ಪ ಅದನ್ನು ಓದಿರಬೇಕು. ಓದಿ, ಮುಚ್ಚಿ, ಚಾಕು ಒಳಗಿಟ್ಟಿರಬೇಕು.

ಅಮ್ಮ ಕೇಳುತ್ತಾ ಕೂತಿದ್ದಳು. "ಮುಂದೆ?" ಎಂದಳು. ಎರಡು ತಿಂಗಳ ಹಿಂದೆ ನಾನೇ ಆ ದೊಡ್ಡ ಮಗಳಿಗೆ ಶಾಸ್ತಿ ಮಾಡಿಸುತ್ತೇನೆ ಎಂದು ನಿನಗೆ ಬರೆದಿದ್ದೆ. ಆ ಸಾಲು ಕಣ್ಣ ಮುಂದಿತ್ತು, ಅದನ್ನು ದಾಟಿದೆ. "ಅವಳು ಟಿಕೆಟ್ ಹರಿದು ಹಾಕಿ ಮನೆ ಕಡೆ ನಡೆದಳು" ಎಂದು ಓದಿಬಿಟ್ಟೆ. ಪುಟದಲ್ಲಿ ಇದ್ದದ್ದು ಒಂದು, ನಾನು ಓದಿದ್ದು ಇನ್ನೊಂದು. ಅವಳನ್ನು ಬೀದಿಗುಂಟ ನಡೆಸಿದೆ, ದೀಪದ ಕಂಬ, ಮುಚ್ಚಿದ ಅಂಗಡಿ ಎಲ್ಲ ಹಾಕಿದೆ. ಬಾಗಿಲವರೆಗೂ ತಂದು ನಿಲ್ಲಿಸಿದೆ. ತಮ್ಮ ಮೆಟ್ಟಿಲ ಮೇಲೆ ಕೂತಿದ್ದಾನೆ.

ಇದನ್ನು ಪ್ರೀತಿ ಎಂದು ಓದಿಕೊಂಡು ಉಬ್ಬಬೇಡ. ನಿನ್ನ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿಲ್ಲ. ಗೆದ್ದಲಿನ ಮಾತು ನಾನು ಮರೆಯುವುದಿಲ್ಲ.

ಈಗ ಕಷ್ಟವೇನೆಂದರೆ, ಅಲ್ಲಿಗೇ ನಿಂತುಬಿಟ್ಟಿದೆ. ಅವಳು ತಮ್ಮನಿಗೆ ಮೊದಲು ಏನು ಹೇಳುತ್ತಾಳೆ? ಮೊದಲ ಸಂಪುಟ ಓದದ ನನಗೆ ಅವಳ ಮಾತಿನ ವರಸೆ ಗೊತ್ತಿಲ್ಲ. ಏನು ಹೇಳಿಸಿದರೂ ಅಮ್ಮ ತಲೆ ಅಲ್ಲಾಡಿಸುತ್ತಾಳೆ. ಅಳಿಸಿದೆ. "ಅವಳು ಅಳೋಳಲ್ಲ" ಎಂದಳು. ತಬ್ಬಿಕೊಂಡಳು ಎಂದೆ. "ಸುಮ್ನಿರೋ, ಪುಸ್ತಕದಲ್ಲಿರೋದು ಓದು" ಎಂದಳು. ದಿನಾ ಸಂಜೆ ಇದೇ ಗೋಳು. ನೆಗಡಿ ಎಂದೆ, ದೀಪ ಮಂಕಾಗಿದೆ ಎಂದೆ, ನೆಪಗಳೆಲ್ಲ ಮುಗಿದವು.

"ಇದೊಂದು ಮುಗೀಲಿ, ಆಮೇಲೆ ನನ್ನ ಬಿಟ್ಟು ಬಾ, ಅಲ್ಲಿ ಅವಳೊಬ್ಳೇ" ಎಂದು ಅಮ್ಮ ಬಂದ ದಿನದಿಂದ ಹೇಳುತ್ತಿದ್ದಾಳೆ. ಇದನ್ನು ನಿನಗೆ ಬರೆಯಬಾರದೆಂದಿದ್ದೆ. ಅಲ್ಲಿ ಅಮ್ಮನ ಕೋಣೆಯನ್ನು ಬಾಡಿಗೆಗೆ ಕೊಟ್ಟಿಲ್ಲವಲ್ಲ?

ದೊಡ್ಡ ಮಗಳು ಏನು ಹೇಳುತ್ತಾಳೆ, ಬರೆದು ಕಳಿಸು. ಬೇರೇನೂ ಬರೆಯಬೇಕಾಗಿಲ್ಲ.

ತಮ್ಮ

ಮೇ 13

ತಮ್ಮ,

ನಿನ್ನ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಚೀಟಿ ಹಿಡಿದು ನಿಂತವರು "ಮೇಡಂ, ಮೇಡಂ" ಎಂದು ಮೂರು ಸಲ ಕರೆಯಬೇಕಾಯಿತು.

ಅಳಿಸಿದೆಯಂತೆ, ತಬ್ಬಿಸಿದೆಯಂತೆ! ನಿನಗೆ ಯಾವತ್ತಾದರೂ ನಾನು ಅರ್ಥವಾಗಿದ್ದೇನೆಯೇ? ಅಲ್ಲ, ಅವಳು ಅರ್ಥವಾಗಿದ್ದಾಳೆಯೇ? ತಮ್ಮ ಓಡಿಹೋದ ದಿನದಿಂದ ಅವಳಿಗೆ ಇರುವುದು ಉರಿಕೋಪ. ಅದನ್ನು ಅವಳು ರಸ್ತೆಯಲ್ಲಿ ಬಿಟ್ಟು ಬರುವುದಿಲ್ಲ, ಮೆಟ್ಟಿಲವರೆಗೂ ಹೊತ್ತುಕೊಂಡೇ ಬರುತ್ತಾಳೆ. ಅವನ ಮುಖ ನೋಡುವುದಿಲ್ಲ. ಪ್ಯಾಂಟು ನೋಡುತ್ತಾಳೆ. ಮೊಣಕಾಲಿನ ಹತ್ತಿರ ಹೊಲಿಗೆ ಬಿಟ್ಟಿರುತ್ತದೆ. "ನಿಂಗೆ ಒಂದು ಬಟ್ಟೆ ಉಳಿಸ್ಕೊಳ್ಳೋ ಯೋಗ್ಯತೆ ಇಲ್ಲ" ಎನ್ನುತ್ತಾಳೆ. ಇದನ್ನು ಗಟ್ಟಿಯಾಗಿ ಓದು, ನಾನು ಓದುವ ಹಾಗೆ. ಅಮ್ಮ ತಲೆ ಅಲ್ಲಾಡಿಸುವುದಿಲ್ಲ.

ಅವನು ಎದ್ದು ದಾರಿ ಬಿಡುತ್ತಾನೆ. ಅವಳು ಬಾಗಿಲಿಗೆ ಕೈ ಇಡುತ್ತಾಳೆ. ಆದರೆ ತಳ್ಳುವುದಿಲ್ಲ. ಒಳಗೆ ದೀಪ ಉರಿಯುತ್ತಿರುತ್ತದೆ. ಅವನಿಗೆ ಬೆನ್ನು ಹಾಕಿಕೊಂಡೇ, ಇಷ್ಟು ದಿನ ಎಲ್ಲಿದ್ದೆ ಎಂದು ಕೇಳದೆ, ಯಾಕೆ ಬಂದೆ ಎಂದೂ ಕೇಳದೆ, ಒಂದೇ ಮಾತು ಕೇಳುತ್ತಾಳೆ:

"ಅಮ್ಮ ಊಟ ಮಾಡಿದ್ಲಾ?"

ಅಷ್ಟೇ. ಅದಕ್ಕೆ ಉತ್ತರ ನೀನು ಬರೆ.

ಅಕ್ಕ